ಹೊಲಿಗೆ ಕೋಣೆಯ ಹೊರಗೋಡೆ

ನಮ್ಮ ಮ್ಯಾನೇಜರನನ್ನು ಅಣಕಿಸುವುದರಲ್ಲಿ ಸಾಹೇಬ ಎತ್ತಿದ ಕೈ. ಹೆಸರಿಗಷ್ಟೇ ಸಾಹೇಬ, ಅವನ ಕೆಲಸ ಲಾಂಡ್ರಿಗೆ ಬಂದು ಬೀಳುವ ಆಸ್ಪತ್ರೆ ಬಟ್ಟೆಯ ಮೂಟೆ ಬಿಚ್ಚಿ, ರಕ್ತದ್ದು ಬೇರೆ, ಔಷಧಿ ಕಲೆಯದ್ದು ಬೇರೆ, ಬರೀ ಬೆವರಿನದ್ದು ಬೇರೆ ಎಂದು ವಿಂಗಡಿಸುವುದು. ಸಂಘದ ಮಾತುಕತೆ ಸಮಿತಿಗೆ ಆರಿಸಿ ಬಂದ ಮೇಲೆ ಅವನಿಗೆ ಈ ಅಡ್ಡಹೆಸರು ಅಂಟಿಕೊಂಡಿತು. ಅದಕ್ಕೆ ಕಾರಣ ಬಾಯ್ಲರ್ ಅಣ್ಣ ಶುರುಮಾಡಿದ ಒಂದು ಅಭ್ಯಾಸ.

ಬಾಯ್ಲರ್ ಅಣ್ಣ ಸಮಿತಿಯ ಹಿರಿಯರು. ಹಬೆ ಕೋಣೆಯಲ್ಲಿ ದಿನವಿಡೀ ಒತ್ತಡದ ಮುಳ್ಳನ್ನೇ ನೋಡಿ ನೋಡಿ ಅವಸರ ಎನ್ನುವುದನ್ನೇ ಮರೆತುಬಿಟ್ಟಿದ್ದಾರೆ. ಮ್ಯಾನೇಜರ್ ಎದುರು ಕೂರುವ ಹಿಂದಿನ ಸಂಜೆ, ಸೈಕಲ್ ರಿಪೇರಿ ಅಂಗಡಿಯ ಮೇಲಿರುವ ಸಂಘದ ಕೋಣೆಯಲ್ಲಿ ಎಲ್ಲವನ್ನೂ ಒಂದು ಸಲ ಆಡಿ ನೋಡಬೇಕು ಎನ್ನುವುದು ಅವರ ಹಟ. ಒಬ್ಬರು ಮ್ಯಾನೇಜರ್ ಆಗಬೇಕು, ಉಳಿದವರು ನಾವು ನಾವಾಗಿಯೇ ಇರಬೇಕು. ಮ್ಯಾನೇಜರ್ ಆದವರು ದಯೆ ದಾಕ್ಷಿಣ್ಯ ಇಲ್ಲದೆ ನಮಗೆ ಮಣ್ಣು ಮುಕ್ಕಿಸಬೇಕು. "ಸೋಲೋದಿದ್ರೆ ಇಲ್ಲೇ ಸೋತುಬಿಡೋಣ, ಮಾರಾಯ್ರೆ. ಅಲ್ಲಿಗೆ ಹೋಗಿ ತಡಬಡಾಯಿಸೋದು ಬೇಡ" ಎನ್ನುತ್ತಿದ್ದರು.

ಸಾಹೇಬ ಆ ಕುರ್ಚಿಯಲ್ಲಿ ಕೂತರೆ ಮುಗಿಯಿತು. ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುವುದು, ಉತ್ತರ ಹೊಳೆಯದಿದ್ದಾಗ ಕಿಟಕಿಯ ಕಡೆ ನೋಡುವುದು, ಪ್ರತಿ ಮಾತನ್ನೂ "ನೋಡಿ, ವಾಸ್ತವ ಏನಪ್ಪಾ ಅಂದ್ರೆ" ಎಂದೇ ಶುರುಮಾಡುವುದು, ಎಲ್ಲವೂ ಥೇಟ್ ಮ್ಯಾನೇಜರನದ್ದೇ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಕ್ಕು ನಕ್ಕು ಸುಸ್ತಾದ ಮೇಲೆ, ಅವನು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ ಎನ್ನುವುದು ಗೊತ್ತಾಗುತ್ತಿತ್ತು.

ಸಮಿತಿಯಲ್ಲಿ ನಾವು ನಾಲ್ವರು. ಬಾಯ್ಲರ್ ಅಣ್ಣ, ಸಾಹೇಬ, ನಾನು, ನಮ್ಮತ್ತಿಗೆ. ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ನನಗೆ ಮೆಣಸಿನಕಾಯಿ ಎಂದು ಹೆಸರು. ನಾನು ಬಟ್ಟೆಗೆ ಇಸ್ತ್ರಿ ಹಾಕುವ ದೊಡ್ಡ ಹಾಲಿನವಳು. ಅತ್ತಿಗೆ ಹೊಲಿಗೆ ಕೋಣೆಯವರು. ಅವರು ನಮ್ಮಣ್ಣನನ್ನು ಮದುವೆಯಾಗಿ ಮನೆಗೆ ಬಂದಾಗ ನಾನು ಇನ್ನೂ ಸ್ಕೂಲಿಗೆ ಹೋಗುವುದಿಲ್ಲ ಎಂದು ಅಳುತ್ತಿದ್ದವಳು. ತಲೆ ಬಾಚಿ ಕಳಿಸಿದವರು ಅವರು, ಓದು ತಲೆಗೆ ಹತ್ತದಿದ್ದಾಗ ಕೈಹಿಡಿದು ಲಾಂಡ್ರಿಗೆ ಕರೆತಂದವರೂ ಅವರೇ.

ಆಗ ಅವರು ಕೂಡ ಇಸ್ತ್ರಿ ಹಾಲಿನಲ್ಲೇ ಇದ್ದರು. ಅಲ್ಲಿ ಒಬ್ಬರ ಕೈಯಲ್ಲಿ ಆಗುವ ಕೆಲಸವಿಲ್ಲ. ಒದ್ದೆ ಚಾದರದ ಆ ಎರಡು ಮೂಲೆ ಒಬ್ಬರು, ಈ ಎರಡು ಮೂಲೆ ಒಬ್ಬರು ಹಿಡಿದು, ಒಂದೇ ಸಲ ಕೊಡವಿ, ಇಸ್ತ್ರಿ ಮೆಷಿನ್ನಿನ ಕಾದ ಉರುಳೆಯ ಬಾಯಿಗೆ ಸುಕ್ಕಿಲ್ಲದೆ ಕೊಡಬೇಕು. ಒಬ್ಬರ ಕೈ ಹಿಂದೆ ಬಿದ್ದರೆ ಚಾದರ ಸೊಟ್ಟಗೆ ಹೋಗುತ್ತದೆ. ಬಹಳ ವರ್ಷ ನನ್ನ ಜೋಡಿ ಅತ್ತಿಗೆಯೇ. ನಿಂತು ನಿಂತು ಅವರ ಮೊಣಕಾಲು ಹಾಳಾದ ಮೇಲೆ ಹೊಲಿಗೆ ಕೋಣೆಗೆ ಹೋದರು. ಹರಿದ ಚಾದರಕ್ಕೆ ತೇಪೆ, ಬಿಚ್ಚಿದ ಅಂಚಿಗೆ ಹೊಲಿಗೆ. ಲಾಂಡ್ರಿಯಲ್ಲಿ ಕೂತು ಮಾಡುವ ಕೆಲಸ ಅದೊಂದೇ. ಕಾಲು ಸೋತವರು, ಸೊಂಟ ಬಿದ್ದವರು ಅಲ್ಲಿಗೆ ಹೋಗುವುದು ಯಾವ ಕಾಗದದಲ್ಲೂ ಇಲ್ಲದ, ಆದರೆ ಎಲ್ಲರೂ ಒಪ್ಪಿಕೊಂಡು ಬಂದ ಪದ್ಧತಿ. ನಾವೆಲ್ಲ ಬೇಗವೋ ತಡವೋ ಅಲ್ಲಿಗೆ ಹೋಗುವವರೇ ಎಂದು ತಮಾಷೆ ಮಾಡುತ್ತಿದ್ದೆವು.

ಆ ವರ್ಷದ ಸೆಕೆಯಲ್ಲಿ ಇಸ್ತ್ರಿ ಹಾಲು ಬೆಂಕಿಯಾಗಿತ್ತು. ಅದು ಕಟ್ಟಡದ ನಟ್ಟನಡುವೆ ಇದೆ, ಒಂದು ಕಿಟಕಿಯೂ ಇಲ್ಲ. ಉರುಳೆಯ ಕಾವು, ಒದ್ದೆ ಬಟ್ಟೆಯ ಹಬೆ, ಮೂವತ್ತು ಹೆಂಗಸರ ಉಸಿರು, ಎಲ್ಲವೂ ಅಲ್ಲಲ್ಲೇ ಸುತ್ತಬೇಕು. ಒಂದು ಮಧ್ಯಾಹ್ನ ನನ್ನ ಹೊಸ ಜೋಡಿ, ಎಳೆಗೂಸಿನ ತಾಯಿ, ಚಾದರ ಹಿಡಿದ ಹಾಗೆಯೇ ಕಣ್ಣು ಮೇಲೆ ಮಾಡಿ ಮುಂದಕ್ಕೆ ಬಿದ್ದಳು. ನಾನು ಎಳೆದುಕೊಳ್ಳುವಷ್ಟರಲ್ಲಿ ಅವಳ ಮುಂಗೈ ಉರುಳೆಗೆ ತಗುಲಿತ್ತು. ಆ ವಾಸನೆ ಎಷ್ಟೋ ದಿನ ನನ್ನ ಮೂಗಿನಿಂದ ಹೋಗಲಿಲ್ಲ.

ಹಾಗಾಗಿ ನಮ್ಮ ಮೊದಲ ಬೇಡಿಕೆ, ಬಿಸಿಗಾಳಿಯನ್ನು ಹೊರಗೆ ತಳ್ಳುವ ದೊಡ್ಡ ಫ್ಯಾನು. ಎರಡನೆಯದು, ಹೊಲಿಗೆ ಕೋಣೆ ಮುಚ್ಚುವ ಯೋಚನೆ ಬಿಡಬೇಕು. ತೇಪೆ ಹಾಕುವುದಕ್ಕಿಂತ ಹೊಸ ಚಾದರ ತರಿಸುವುದೇ ಸುಲಭ ಎಂದು ಆಡಳಿತ ಒಂದು ವರ್ಷದಿಂದ ಗೊಣಗುತ್ತಿತ್ತು. ಈ ಎರಡರಲ್ಲಿ ಯಾವುದನ್ನೂ ಬಿಟ್ಟುಕೊಡುವುದಿಲ್ಲ ಎಂದು ನಾಲ್ವರೂ ಕೈಮೇಲೆ ಕೈಯಿಟ್ಟು ಮಾತಾಡಿಕೊಂಡಿದ್ದೆವು.

ಮಾತುಕತೆಯ ಹಿಂದಿನ ಸಂಜೆ ಎಂದಿನಂತೆ ಆಟ ಶುರುವಾಯಿತು. ಸಾಹೇಬ ಕುರ್ಚಿಯಲ್ಲಿ ಕೂತ. ಬಾಯ್ಲರ್ ಅಣ್ಣ ಕೇಳಿದರು. "ಹೆಂಗಸರು ಅಲ್ಲಿ ತಲೆ ಸುತ್ತಿ ಬೀಳ್ತಿದ್ದಾರೆ. ಫ್ಯಾನ್ ಹಾಕ್ಸೋಕೆ ನಿಮಗೇನು ಅಡ್ಡಿ? ಒಂದೇ ಒಂದು ಕಾರಣ ಹೇಳಿ ಸರ್."

ಸಾಹೇಬ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಕಿಟಕಿ ನೋಡಿದ. "ನೋಡಿ, ವಾಸ್ತವ ಏನಪ್ಪಾ ಅಂದ್ರೆ, ಫ್ಯಾನ್ ಕೂರಿಸೋಕೆ ಹೊರಗೋಡೆ ಬೇಕು. ಹೊರಗೋಡೆ ಇರೋದು ಹೊಲಿಗೆ ಕೋಣೆಗೆ. ಆ ಕೋಣೆ ಕೊಡಿ, ನಡುವಿನ ಗೋಡೆ ಒಡೆದು ನಾಳೆನೇ ಫ್ಯಾನ್ ಹಾಕಿಸ್ತೀನಿ."

ನಗಲು ಬಾಯಿ ತೆರೆದಿದ್ದ ನಾನು ಹಾಗೇ ಉಳಿದೆ. ಸಾಹೇಬನೂ ತಾನು ಹೇಳಿದ್ದನ್ನು ತಾನೇ ಕೇಳಿ ಬೆಚ್ಚಿದ. ಅವನು ಹೇಳಿದ್ದು ನಿಜ. ಇಸ್ತ್ರಿ ಹಾಲಿಗೂ ಬೀದಿಗೂ ನಡುವೆ ಇರುವುದು ಆ ಪುಟ್ಟ ಕೋಣೆ ಮಾತ್ರ. ನಮ್ಮ ಎರಡು ಬೇಡಿಕೆಗಳು ಒಂದೇ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿವೆ ಎನ್ನುವುದು ಅಲ್ಲಿಯವರೆಗೆ ನಮ್ಮ ಯಾರ ತಲೆಗೂ ಹೋಗಿರಲಿಲ್ಲ.

"ಇನ್ನೊಂದು ಸಲ" ಅಂದರು ಬಾಯ್ಲರ್ ಅಣ್ಣ. ಅದೇ ಪ್ರಶ್ನೆ, ಅದೇ ಮುಚ್ಚಳ, ಅದೇ ಉತ್ತರ. ಸೂರಿನ ಮೇಲಿಂದ ಪೈಪು ಹಾಕಬಹುದಲ್ಲ ಎಂದು ಅತ್ತಿಗೆ ಕೇಳಿದರೆ ಸಾಹೇಬ, ಕಟ್ಟಡ ಬಾಡಿಗೆಯದ್ದು, ಗೋಡೆಗೆ ಒಪ್ಪಿದರೂ ಸೂರು ಮುಟ್ಟಲು ಮಾಲೀಕ ಬಿಡುವುದಿಲ್ಲ ಎಂದ. ಇನ್ನೊಂದು ಸಲ. ಮತ್ತೊಂದು ಸಲ. ಕೆಳಗೆ ಸೈಕಲ್ ಅಂಗಡಿಯ ಬಾಗಿಲು ಎಳೆಯುವ ಹೊತ್ತಾದರೂ ನಮಗೆ ತಿರುಗೇಟು ಹೊಳೆಯಲಿಲ್ಲ.

ಕೊನೆಗೆ ಬಾಯ್ಲರ್ ಅಣ್ಣ ಎದ್ದು ನಿಂತರು. "ಇದು ಆ ಮ್ಯಾನೇಜರಿಗೆ ಹೊಳೆಯಲ್ಲ ಬಿಡಿ. ಆ ಕಡೆ ಅವನು ಕಾಲೇ ಇಟ್ಟಿಲ್ಲ. ನಾವಾಗಿ ಬಾಯಿ ಬಿಡದಿದ್ರೆ ಆಯ್ತು."

ಮಾರನೆಯ ದಿನ ಮಾತುಕತೆ ಚೆನ್ನಾಗಿಯೇ ನಡೆಯಿತು. ಅಲ್ಲಿ ಮಾತಾಡುವುದು ಬಾಯ್ಲರ್ ಅಣ್ಣ ಒಬ್ಬರೇ. ಉಳಿದವರು ಏನಾದರೂ ಹೇಳಬೇಕೆನಿಸಿದರೆ ಮೇಜಿನ ಕೆಳಗೆ ಕಾಲು ಒತ್ತಬೇಕು, ಆಗ ಎಲ್ಲರೂ ಎದ್ದು ಹೊರಗೆ ಹೋಗಿ ಮಾತಾಡಿಕೊಂಡು ಬರಬೇಕು. ಮ್ಯಾನೇಜರ್ ಅವತ್ತು ಯಾಕೋ ಮೆತ್ತಗಿದ್ದ. ಸುಟ್ಟ ಕೈಯ ವಿಷಯ ಆಸ್ಪತ್ರೆಯವರ ಕಿವಿಗೂ ಬಿದ್ದು, ಅವನಿಗೆ ಮೇಲಿನಿಂದ ಬಿಸಿ ಮುಟ್ಟಿತ್ತು.

ಬಾಯ್ಲರ್ ಅಣ್ಣ ಕೈ ಕಟ್ಟಿಕೊಂಡು, ನಿನ್ನೆ ಸಂಜೆ ಕೇಳಿದ್ದನ್ನೇ ಅಕ್ಷರ ಬಿಡದೆ ಕೇಳಿದರು. "ಫ್ಯಾನ್ ಹಾಕ್ಸೋಕೆ ನಿಮಗೇನು ಅಡ್ಡಿ? ಒಂದೇ ಒಂದು ಕಾರಣ ಹೇಳಿ ಸರ್."

ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದ. ಹಾಕಿದ. ಕಿಟಕಿಯ ಕಡೆ ನೋಡಿದ. "ನೋಡಿ, ವಾಸ್ತವ ಏನಪ್ಪಾ ಅಂದ್ರೆ…" ಎಂದು ನಿಲ್ಲಿಸಿದ. ಮುಂದೆ ಏನೂ ಬರಲಿಲ್ಲ. ಮತ್ತೆ ಮುಚ್ಚಳ ತೆಗೆದ. ಅವನ ಬಳಿ ಕಾರಣವಿಲ್ಲ ಎಂದು ನನಗೆ ಖಾತ್ರಿಯಾಯಿತು, ಗೆದ್ದೆವು ಎಂದು ಜೀವ ಹಗುರಾಯಿತು.

"…ಫ್ಯಾನ್ ಕೂರಿಸೋಕೆ ಹೊರಗೋಡೆ ಬೇಕು" ಎಂದಿತು ನನ್ನ ಪಕ್ಕದಿಂದ ಒಂದು ದನಿ. "ಹೊರಗೋಡೆ ಇರೋದು ಹೊಲಿಗೆ ಕೋಣೆಗೆ."

ಸಾಹೇಬ. ಮ್ಯಾನೇಜರನ ದನಿಯಲ್ಲೇ, ಮ್ಯಾನೇಜರನ ಗತ್ತಿನಲ್ಲೇ. ನಾನು ಅವನ ಕಾಲನ್ನು ಹಿಮ್ಮಡಿಯಿಂದ ಅಮುಕಿದೆ, ಆದರೆ ಮಾತು ಆಗಲೇ ಮೇಜಿನ ಆಚೆ ಹೋಗಿತ್ತು. ಅವನು ನಾಲಿಗೆ ಕಚ್ಚಿಕೊಂಡು ಬಿಳಿಚಿಕೊಂಡ. ಮ್ಯಾನೇಜರ್ ಮೊದಲು ಅವನನ್ನು, ಆಮೇಲೆ ನಮ್ಮೆಲ್ಲರನ್ನೂ ನೋಡಿದ. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. "ನಿಮ್ಮವರೇ ಹೇಳ್ತಿದ್ದಾರಲ್ಲ" ಎಂದು ನಕ್ಕ.

ಹೊರಗೆ ಓಣಿಯಲ್ಲಿ ನಾನು ಸಾಹೇಬನ ಕೊರಳಪಟ್ಟಿಗೇ ಕೈ ಹಾಕಿದೆ. "ಏನು ತಿನ್ನಿಸಿದ ನಿನಗೆ? ಯಾವಾಗಿಂದ ಅವನ ಬಾಲ ಹಿಡ್ಕೊಂಡಿದ್ದೀಯ?"

"ನನ್ನ ಮಕ್ಕಳಾಣೆ, ನನಗೆ ಗೊತ್ತೇ ಆಗ್ಲಿಲ್ಲ" ಎಂದ ಅವನು. ಬೆವರು ಸುರಿಯುತ್ತಿತ್ತು. "ಅಣ್ಣ ಕೇಳಿದ್ರು, ಅವನು ಮುಚ್ಚಳ ತೆಗೆದ, ನನ್ನ ಸರದಿ ಅನ್ನಿಸ್ತು. ಬಾಯಿಗೆ ಬಂದ್ಬಿಡ್ತು."

"ಬಾಯಿಗೆ ಬಂದ್ಬಿಡ್ತಾ? ಅತ್ತಿಗೆ ಹೊಟ್ಟೆ ಮೇಲೆ ಹೊಡೆಯೋ ಮಾತು ಬಾಯಿಗೆ ಬಂದ್ಬಿಡತ್ತಾ?"

ಬಾಯ್ಲರ್ ಅಣ್ಣ ನನ್ನ ಕೈ ಬಿಡಿಸಿದರು. "ತಪ್ಪು ನಂದು. ಅದನ್ನೇ ಇನ್ನೊಂದು ಸಲ, ಇನ್ನೊಂದು ಸಲ ಅಂತ ಆಡಿಸಿದ್ದು ನಾನು" ಎಂದರು. ಗೋಡೆಗೆ ಒರಗಿ ಮೊಣಕಾಲು ಒತ್ತಿಕೊಳ್ಳುತ್ತಿದ್ದ ಅತ್ತಿಗೆ ಮಾತ್ರ ಒಂದೇ ಮಾತು ಆಡಿದರು. "ಅವನನ್ನ ಬಿಡೇ. ಅವನು ಯಾವತ್ತೂ ಕೈ ಕೊಡೋನಲ್ಲ."

ನಾನು ಬಿಟ್ಟೆ, ಆದರೆ ಒಳಗೆ ಕುದಿಯುತ್ತಲೇ ಇತ್ತು. ಆ ಸಿಟ್ಟಿನ ಅರ್ಧ ಸಾಹೇಬನ ಮೇಲಿರಲಿಲ್ಲ. ಮ್ಯಾನೇಜರ್ ನಕ್ಕ ಆ ಗಳಿಗೆಯಲ್ಲಿ, ಎಲ್ಲರ ಎದೆ ಧಸಕ್ಕೆಂದಾಗ, ಫ್ಯಾನು ಬರುತ್ತದೆ ಎಂದು ನನ್ನ ಮೈಗೆ ಗಾಳಿ ತಾಗಿದ ಹಾಗಾಗಿತ್ತು. ಅದನ್ನು ಯಾರಿಗೆ ಹೇಳುವುದು? ನನಗೇ ಹೇಳಿಕೊಳ್ಳಲು ಆಗಲಿಲ್ಲ.

ಒಳಗೆ ಹೋದಾಗ ಮ್ಯಾನೇಜರ್ ಗಟ್ಟಿಯಾಗಿದ್ದ. ಹೊಲಿಗೆ ಕೋಣೆ ಬಿಟ್ಟುಕೊಟ್ಟರೆ ಸೆಕೆ ಮುಗಿಯುವುದರೊಳಗೆ ಫ್ಯಾನು. ಇಲ್ಲವಾದರೆ ಎರಡೂ ಇಲ್ಲ. ಯೋಚಿಸಿ ಬನ್ನಿ ಎಂದ. ನಾವು ಮೆಟ್ಟಿಲಿಳಿದು ಬರುವಷ್ಟರಲ್ಲಿ ಆ ಸುದ್ದಿ ಇಸ್ತ್ರಿ ಹಾಲಿಗೆ ತಲುಪಿತ್ತು. ನಮ್ಮ ಸೂಪರ್‌ವೈಸರಿಗೆ ಬಾಯಿ ಇರುವುದೇ ಅದಕ್ಕೆ.

ಆ ವಾರ ಚಹಾದ ಹೊತ್ತಿನಲ್ಲಿ ಇಸ್ತ್ರಿ ಹಾಲಿನ ಹೆಂಗಸರು ನನ್ನನ್ನು ಸುತ್ತುವರಿದರು. ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಕೆಲಸಕ್ಕೆ ಬಂದಿದ್ದ ನನ್ನ ಜೋಡಿ ತಲೆ ತಗ್ಗಿಸಿ ಹೇಳಿದಳು. "ಅಕ್ಕಾ, ನಿಮ್ಮತ್ತಿಗೆ ಅಂತ ನಿಮಗೆ ಕಷ್ಟ. ನಂಗೂ ಗೊತ್ತು. ಆದ್ರೆ ಇನ್ನೊಂದು ಸಲ ಬಿದ್ರೆ ಮುಖ ತಗುಲತ್ತೆ ಅಕ್ಕಾ."

ಅತ್ತ ಹೊಲಿಗೆ ಕೋಣೆಯ ಉಳಿದಿಬ್ಬರು ಮುದುಕಿಯರು ನನ್ನ ಮುಖ ಕಂಡರೆ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಬಿಡುತ್ತಿದ್ದರು. ಸಾಹೇಬನ ಪಾಡು ಇನ್ನೂ ಕೆಟ್ಟದ್ದು. ಅವನು ಬಂದರೆ ಮಾತು ನಿಲ್ಲುತ್ತಿತ್ತು. ಯಾರೋ ಅವನ ಚಪ್ಪಲಿ ಕಸದ ತೊಟ್ಟಿಗೆ ಎಸೆದಿದ್ದರು. ಅವನು ಬರಿಗಾಲಲ್ಲಿ ಮನೆಗೆ ಹೋಗುವುದನ್ನು ನಾನು ನೋಡಿದೆ, ಕರೆಯಬೇಕೆನಿಸಿತು, ಕರೆಯಲಿಲ್ಲ.

ಎರಡನೆಯ ಮಾತುಕತೆಯ ಹಿಂದಿನ ಸಂಜೆ ಮತ್ತೆ ಸಂಘದ ಕೋಣೆಯಲ್ಲಿ ಸೇರಿದೆವು. ಸಾಹೇಬ ಬಾಗಿಲ ಬಳಿಯೇ ನಿಂತಿದ್ದ. "ನಾನು ಸಮಿತಿ ಬಿಡ್ತೀನಿ ಅಣ್ಣ."

"ಬಿಡೋದೆಲ್ಲ ಆಮೇಲೆ. ಈಗ ಬಂದು ಕೂತ್ಕೊ" ಎಂದರು ಬಾಯ್ಲರ್ ಅಣ್ಣ.

"ಆ ಕುರ್ಚಿ ಮಾತ್ರ ನಾನು ಮುಟ್ಟಲ್ಲ."

ಬಾಯ್ಲರ್ ಅಣ್ಣ ನಮ್ಮ ಕಡೆಯಿಂದ ಮಾತಾಡಬೇಕು, ಅವರು ಕೂರುವ ಹಾಗಿಲ್ಲ. ಅತ್ತಿಗೆ ನನ್ನ ಕಡೆ ನೋಡಿದರು. "ಮೆಣಸಿನಕಾಯಿ ಕೂತ್ಕೊಳ್ಳಲಿ. ಇವಳಿಗೆ ಹೇಗೂ ಸಿಟ್ಟಿದೆ, ಚೆನ್ನಾಗಿ ಬೈತಾಳೆ."

ನಾನು ಕೂತೆ. ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಸಾಹೇಬನ ಹದ ನನಗೆ ಬರುವುದಿಲ್ಲ, ಆದರೂ ಬಾಯ್ಲರ್ ಅಣ್ಣನ ತುಟಿಯಂಚಿನಲ್ಲಿ ಒಂದು ನಗು ಬಂತು. ಅವರು ಸೂರಿನ ಪೈಪಿನ ಮಾತೆತ್ತಿದರು, ನಾನು ಬಾಡಿಗೆ ಕಟ್ಟಡ ಎಂದೆ. ಫ್ಯಾನು ಹಾಕಿ ಆದರೆ ಕೋಣೆಯನ್ನು ಬೇರೆಲ್ಲಾದರೂ ಕೊಡಿ ಎಂದರು, ಬೇರೆ ಜಾಗ ಎಲ್ಲಿದೆ ತೋರಿಸಿ ಎಂದೆ.

ಆಗ ಅತ್ತಿಗೆ ಕೇಳಿದರು. "ಹಾಗಾದ್ರೆ ಹೊಲಿಗೆ ಕೋಣೆಯವರು ಏನು ಮಾಡ್ಬೇಕು ಸರ್? ನಿಲ್ಲೋಕಾಗದವರು ಎಲ್ಲಿಗೆ ಹೋಗ್ಬೇಕು?"

"ನೋಡಿ, ವಾಸ್ತವ ಏನಪ್ಪಾ ಅಂದ್ರೆ" ಎಂದೆ. "ಅಲ್ಲಿರೋದು ಮೂರು ಜನ. ಇಲ್ಲಿ ಮೂವತ್ತು ಜನ ಬೇಯ್ತಿದ್ದಾರೆ. ಮೂರು ಜನ ಕೂರೋಕೆ ಮೂವತ್ತು ಜನ ಬೀಳ್ಬೇಕಾ? ಆ ಹುಡುಗಿ ಕೈ ಸುಟ್ಟಾಗ ಇವರೆಲ್ಲ ಎಲ್ಲಿದ್ರು? ಗೋಡೆ ಆಚೆ, ಕಿಟಕಿ ಪಕ್ಕ, ಆರಾಮಾಗಿ ಕೂತಿದ್ರು. ಆ ವಾಸನೆ ಇವರ ಮೂಗಿಗೆ ಹೋಯ್ತಾ? ನಾಳೆ ಒಬ್ಬಳು ಸತ್ರೆ ಆ ಕುರ್ಚಿ ಮೇಲೆ ಕೂತು ಹೊಲಿಯೋಕೆ ಕೈ ಬರತ್ತಾ? ಬೇರೆಯವರ ಬೆವರಿನ ಮೇಲೆ ಎಷ್ಟು ದಿನ ಅಂತ ಕೂತಿರ್ತೀರಿ?"

ಪೆನ್ನಿನ ಮುಚ್ಚಳ ಕೈಯಿಂದ ಜಾರಿ ನೆಲದ ಮೇಲೆ ಉರುಳಿತು. ಯಾರೂ ನಗಲಿಲ್ಲ. ಕೇಳಿಸಿದ್ದು ನನ್ನದೇ ದನಿಯಾಗಿತ್ತು. ಮಾತಿನ ನಡುವೆ ಎಲ್ಲೋ ಮ್ಯಾನೇಜರ್ ನನ್ನನ್ನು ಬಿಟ್ಟುಹೋಗಿದ್ದ. ಸಾಹೇಬ ಬಗ್ಗಿ ಆ ಮುಚ್ಚಳ ಎತ್ತಿ ಮೇಜಿನ ಮೇಲಿಟ್ಟ. ಅವನು ನನ್ನನ್ನು ನೋಡಿದ ರೀತಿಯಲ್ಲಿ ಕೋಪವಿರಲಿಲ್ಲ, ಕರುಣೆ ಇತ್ತು. ಅದನ್ನು ಸಹಿಸುವುದು ಹೆಚ್ಚು ಕಷ್ಟವಾಯಿತು.

"ಚೆನ್ನಾಗಿ ಆಡಿದೆ" ಎಂದರು ಅತ್ತಿಗೆ. "ನನ್ನ ಹತ್ರ ಇದಕ್ಕೆ ಉತ್ತರ ಇಲ್ಲ."

"ಇನ್ನೊಂದು ಸಲ" ಎಂದು ಬಾಯ್ಲರ್ ಅಣ್ಣ ಈ ಸಲ ಹೇಳಲಿಲ್ಲ.

ಮನೆಗೆ ಇಬ್ಬರೂ ನಡೆದೇ ಹೋದೆವು. ಅತ್ತಿಗೆಯ ಹೆಜ್ಜೆಗೆ ನನ್ನ ಹೆಜ್ಜೆ ಹೊಂದಿಸುವುದು ನನಗೆ ರೂಢಿ. ಮನೆಯ ಮೆಟ್ಟಿಲ ಬುಡದಲ್ಲಿ ಹೇಳಿದೆ. "ಅದು ಆಟ ಅತ್ತಿಗೆ."

"ಗೊತ್ತು ಕಣೆ."

"ನಾನು ಹಾಗೆ ಅಂದ್ಕೊಂಡಿಲ್ಲ."

ಅವರು ಮೆಟ್ಟಿಲ ಪಕ್ಕದ ಕಂಬಿ ಹಿಡಿದು ಒಂದು ಮೆಟ್ಟಿಲು ಹತ್ತಿ, ಇನ್ನೊಂದು ಕಾಲನ್ನು ಎಳೆದು ಪಕ್ಕಕ್ಕೆ ತಂದುಕೊಂಡರು. "ಅಂದ್ಕೊಂಡಿದ್ರೂ ತಪ್ಪೇನು? ಅಲ್ಲಿ ನಿಂತು ಬೇಯೋಳು ನೀನು. ಕೈ ಕೊಡು, ಇವತ್ತು ಕಾಲು ಏಳ್ತಿಲ್ಲ." ನಾನು ಕೈ ಕೊಟ್ಟೆ. ಮಹಡಿ ಮುಟ್ಟುವವರೆಗೂ ಅವರು ನನ್ನ ಕೈ ಬಿಡಲಿಲ್ಲ. ನಮ್ಮಣ್ಣ ಬಾಗಿಲು ತೆರೆದು, ಯಾಕೆ ಇಬ್ಬರ ಮುಖವೂ ಹೀಗಿದೆ ಎಂದು ಕೇಳಿದರೆ ಇಬ್ಬರೂ ಸೆಕೆ ಎಂದೆವು.

ಮಾರನೆಯ ದಿನ ಮಾತುಕತೆಯಲ್ಲಿ ಬಾಯ್ಲರ್ ಅಣ್ಣ ಇನ್ನೂ ಪೀಠಿಕೆ ಹಾಕುತ್ತಿದ್ದರು. ಅಷ್ಟರಲ್ಲಿ ಅತ್ತಿಗೆ ಬಾಯಿ ಬಿಟ್ಟರು. "ಗೋಡೆ ಒಡೀರಿ ಸರ್."

ಮೇಜಿನ ಕೆಳಗೆ ಬಾಯ್ಲರ್ ಅಣ್ಣ ಅವರ ಕಾಲು ಒತ್ತಿದರು. ನಾನೂ ಒತ್ತಿದೆ. ಸಾಹೇಬ ಮೇಜನ್ನೇ ಹಿಡಿದುಕೊಂಡು ಕೂತಿದ್ದ. ಅತ್ತಿಗೆ ಎದ್ದು ಹೊರಗೆ ಬರಲಿಲ್ಲ. "ಕೋಣೆ ತಗೊಳ್ಳಿ. ನಮ್ಮ ಮೂರು ಜನರನ್ನ ಮನೆಗೆ ಕಳಿಸೋ ಹಾಗಿಲ್ಲ. ಎಲ್ಲಿ ಹಾಕಿದ್ರೂ ಕೂರೋಕೆ ಒಂದು ಕುರ್ಚಿ ಕೊಡ್ಬೇಕು."

ಮ್ಯಾನೇಜರ್ ಮೊದಲನೆಯದಕ್ಕೆ ತಲೆಯಾಡಿಸಿದ. ಎರಡನೆಯದಕ್ಕೆ ಕಿಟಕಿ ನೋಡಿದ. ಆ ಒಂದು ಕುರ್ಚಿಗಾಗಿ ಬಾಯ್ಲರ್ ಅಣ್ಣ ಬೆಳಗಿನಿಂದ ಮಧ್ಯಾಹ್ನದವರೆಗೆ ಗುದ್ದಾಡಿದರು. ಅವರು ಅಷ್ಟು ದನಿ ಎತ್ತಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಕೊನೆಗೆ ಒಪ್ಪಂದದಲ್ಲಿ ಬಂದದ್ದು "ಸಾಧ್ಯವಾದಲ್ಲಿ" ಎಂಬ ಮಾತು. ನಾಲ್ವರೂ ಸಹಿ ಹಾಕಿದೆವು. ಹೊರಗೆ ಬಂದ ಮೇಲೆ ಬಾಯ್ಲರ್ ಅಣ್ಣ ಓಣಿಯಲ್ಲೇ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡರು. ಸಾಹೇಬ ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತ.

ಗೋಡೆ ಒಡೆದರು. ಫ್ಯಾನು ಬಂತು. ಅದು ತಿರುಗಿದ ಮೊದಲ ದಿನ ಇಸ್ತ್ರಿ ಹಾಲಿನ ಹೆಂಗಸರು ಕೆಲಸ ಬಿಟ್ಟು ಎರಡೂ ಕೈ ಮೇಲೆತ್ತಿ ನಿಂತರು. ಹಬೆ ಕಣ್ಣೆದುರೇ ಎದ್ದು ಹೊರಗೆ ಹೋಯಿತು. ನನ್ನ ಜೋಡಿ ಬ್ಯಾಂಡೇಜು ಬಿಚ್ಚಿದ ಕೈಯನ್ನು ಗಾಳಿಗೆ ಹಿಡಿದು ಅತ್ತಳು. ನನಗೂ ಹಿತವಾಯಿತು. ಹಿತವಾದದ್ದಕ್ಕೆ ನನ್ನ ಮೇಲೆ ನನಗೇ ಮೈಯೆಲ್ಲ ಉರಿಯಿತು.

ಸಾಧ್ಯವಾದಲ್ಲಿ ಎಂದರೆ ಎಲ್ಲಿಯೂ ಸಾಧ್ಯವಿಲ್ಲ ಎಂದು ಬೇಗ ತಿಳಿಯಿತು. ಮುದುಕಿಯರಲ್ಲಿ ಒಬ್ಬರು ಹದಿನೈದು ದಿನವೂ ತಡೆಯದೆ ಕೆಲಸ ಬಿಟ್ಟರು. ಇನ್ನೊಬ್ಬರನ್ನೂ ಅತ್ತಿಗೆಯನ್ನೂ ನಿಂತೇ ಬಟ್ಟೆ ವಿಂಗಡಿಸುವ ಕಡೆ ಹಾಕಿದರು. ಅಲ್ಲಿ ಸಾಹೇಬ ಅವರ ಪಾಲಿನ ಭಾರದ ಮೂಟೆಗಳನ್ನೆಲ್ಲ ತಾನೇ ಎತ್ತುತ್ತಿದ್ದ, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಅವನು ಯಾರನ್ನೂ ಅಣಕಿಸುವುದನ್ನು ಬಿಟ್ಟೇಬಿಟ್ಟಿದ್ದ. ಒಂದು ದಿನ ಅತ್ತಿಗೆ ನೇರವಾಗಿ ಸೂಪರ್‌ವೈಸರ್ ಹತ್ತಿರ ಹೋಗಿ ತನ್ನನ್ನು ಇಸ್ತ್ರಿ ಹಾಲಿಗೆ ಹಾಕಿ ಎಂದು ಕೇಳಿದರು. ನನಗೆ ತಲೆ ಕೆಟ್ಟಿತು. "ನಿಮಗೇನು ಹುಚ್ಚಾ ಅತ್ತಿಗೆ?" ಎಂದು ಎಲ್ಲರೆದುರೇ ಕೂಗಾಡಿದೆ.

"ನಿಲ್ಲೋದು ಹೇಗೂ ತಪ್ಪಲ್ಲ" ಎಂದರು ಅವರು. "ನಿಲ್ಲೋದೇ ಆದ್ರೆ ಗಾಳಿ ಇರೋ ಕಡೆ ನಿಲ್ತೀನಿ. ಅದಕ್ಕೆ ಕೋಣೆ ಕೊಟ್ಟಿದ್ದು ನಾನು ತಾನೆ?"

ಕೈ ಸುಟ್ಟ ಹುಡುಗಿ ಪಕ್ಕದ ಮೆಷಿನ್ನಿಗೆ ಹೋದಳು, ಹೀಗೆ ನಾವು ಮತ್ತೆ ಜೋಡಿಯಾದೆವು. ಆ ಎರಡು ಮೂಲೆ ಅವರು, ಈ ಎರಡು ಮೂಲೆ ನಾನು. ಕೈಗಳು ಏನನ್ನೂ ಮರೆತಿರಲಿಲ್ಲ. ಒಂದು ಚಾದರವೂ ಸೊಟ್ಟಗೆ ಹೋಗಲಿಲ್ಲ. ಭಾರದ ತುದಿ ನಾನು ಹಿಡಿಯುತ್ತೇನೆ, ಅವರು ಮೆಷಿನ್ನಿನ ಕಂಬಿಗೆ ಸೊಂಟ ಆನಿಸಿ ನಿಲ್ಲುತ್ತಾರೆ. ಸಂಜೆಗೆ ಮೊಣಕಾಲು ಊದಿಕೊಂಡಿರುತ್ತದೆ. ರಾತ್ರಿ ಊಟವಾದ ಮೇಲೆ ನಾನು ಎಣ್ಣೆ ಬಿಸಿಮಾಡಿ ತಿಕ್ಕುತ್ತೇನೆ. ಅವರು ಗೋಡೆ ನೋಡುತ್ತಾ ಕೂತಿರುತ್ತಾರೆ, ನೋವು ಎಂದು ಒಮ್ಮೆಯೂ ಅನ್ನುವುದಿಲ್ಲ.

ಹೊಸ ಮಾತುಕತೆಗೆ ದಿನ ಗೊತ್ತಾಗಿದೆ. ಈ ಸಲ ಮೊದಲ ಬೇಡಿಕೆ, ಇಸ್ತ್ರಿ ಮೆಷಿನ್ನಿನ ಪಕ್ಕ ಎತ್ತರದ ಸ್ಟೂಲು. ನಿನ್ನೆ ಸಂಜೆ ಸಂಘದ ಕೋಣೆಯಲ್ಲಿ ನಾಲ್ವರೂ ಸೇರಿದ್ದೆವು. ಸಾಹೇಬ ಸಮಿತಿ ಬಿಟ್ಟಿಲ್ಲ. ಅತ್ತಿಗೆ ಅವನ ಮನೆಗೇ ಹೋಗಿ ಬೈದು ಕರೆತಂದಿದ್ದರು. ಬಾಯ್ಲರ್ ಅಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಸರಿ. ಮ್ಯಾನೇಜರ್ ಯಾರು?"

ಸಾಹೇಬ ನೆಲ ನೋಡಿದ. ನಾನು ಕಿಟಕಿ ನೋಡಿದೆ.

ಅತ್ತಿಗೆ ಆ ಕುರ್ಚಿ ಎಳೆದು, ಅದರ ಬೆನ್ನಿನ ಮೇಲೆ ಕೈ ಊರಿ ನಿಂತು ನನ್ನನ್ನು ಕರೆದರು. "ನೀನು ಕೂತ್ಕೊ ಬಾ."

"ನನ್ನಿಂದಾಗಲ್ಲ ಅತ್ತಿಗೆ."

"ಆಗತ್ತೆ. ನಾನು ಆ ಮ್ಯಾನೇಜರಿಗೆ ಸೋಲಲಿಲ್ಲ ಕಣೆ, ನಿನಗೆ ಸೋತಿದ್ದು" ಎಂದರು. ದನಿಯಲ್ಲಿ ಹಂಗಿಸುವುದಾಗಲಿ ಮುನಿಸಾಗಲಿ ಇರಲಿಲ್ಲ. ಇದ್ದಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆ. "ಈ ಸಲ ನಿನ್ನನ್ನ ಗೆದ್ರೆ ಅವನ್ಯಾವ ಲೆಕ್ಕ."

ನಾನು ಹೋಗಿ ಕೂತೆ. ಸಾಹೇಬ ಜೇಬಿನಿಂದ ತನ್ನ ಪೆನ್ನು ತೆಗೆದು ನನ್ನ ಮುಂದಿಟ್ಟ. ಅತ್ತಿಗೆ ಮೇಜಿನ ಆಚೆ ಹೋಗಿ, ಕೂರದೆ, ಊದಿದ ಕಾಲಿನ ಭಾರ ಇನ್ನೊಂದು ಕಾಲಿಗೆ ಹಾಕಿ ನಿಂತರು.

"ನಾನು ಕೂರೋಕೆ ಒಂದು ಸ್ಟೂಲ್ ಕೇಳ್ತಿದ್ದೀನಿ. ಕೊಡೋಕೆ ನಿಮಗೇನು ಅಡ್ಡಿ? ಒಂದೇ ಒಂದು ಕಾರಣ ಹೇಳಿ ಸರ್."

ಪೆನ್ನಿನ ಮುಚ್ಚಳ ತೆಗೆದೆ. "ನೋಡಿ, ವಾಸ್ತವ ಏನಪ್ಪಾ ಅಂದ್ರೆ…" ಎಂದೆ. ಮುಚ್ಚಳ ಹಾಕಿ ಮತ್ತೆ ತೆಗೆದೆ. ಕಣ್ಣು ತುಂಬಿ ಅತ್ತಿಗೆಯ ಮುಖ ಕಾಣಿಸದಾಯಿತು.

"ಅಳೋ ಮ್ಯಾನೇಜರ್ ನನಗೆ ಬೇಡ" ಎಂದರು ಅತ್ತಿಗೆ. "ಅವನು ಅಳಲ್ಲ. ಗಟ್ಟಿಯಾಗಿ ಹೇಳು."

"ಇನ್ನೊಂದು ಸಲ" ಎಂದರು ಬಾಯ್ಲರ್ ಅಣ್ಣ. ಅತ್ತಿಗೆ ಮತ್ತೆ ಅದನ್ನೇ ಕೇಳಿದರು.